ಟೇಪಿನ ಪ್ರವಾಹ ಪುಡಿಯಲ್ಲೇ ನಿರ್ಧಾರ: ಬಿಸ್ಮತ್-2223 ಅತಿವಾಹಕಕ್ಕೆ ಪ್ರಿಕರ್ಸರ್ ಸಿದ್ಧಪಡಿಸುವ ಕ್ರಮ

ಬಿಸ್ಮತ್-2223 ಒಂದು ಅತಿವಾಹಕ, ಅಂದರೆ ಸಾಕಷ್ಟು ತಣಿಸಿದಾಗ ರೋಧವಿಲ್ಲದೆ ವಿದ್ಯುತ್ ಹರಿಸುವ ವಸ್ತು. ಅದರ ಮೂಲಪುಡಿಯನ್ನು (ಪ್ರಿಕರ್ಸರ್) ಬೆಳ್ಳಿಯ ಕೊಳವೆಗೆ ತುಂಬಿ, ಎಳೆದು, ಚಪ್ಪಟೆ ಮಾಡಿ, ಕುಲುಮೆಯಲ್ಲಿ ಕಾಯಿಸಿ ಟೇಪು ತಯಾರಿಸುತ್ತಾರೆ. ಕುಲುಮೆಯಿಂದ ಹೊರಬಂದ ಬಿಸ್ಮತ್-2223 ಟೇಪಿನ ಮೈಮೇಲೆ ಅಲ್ಲಲ್ಲಿ ಗುಳ್ಳೆ ಎದ್ದಿದ್ದರೆ, ಅಥವಾ ದ್ರವ ಸಾರಜನಕದಲ್ಲಿ ಮುಳುಗಿಸಿ ಅಳೆದಾಗ ನಿರೀಕ್ಷಿಸಿದ ಪ್ರವಾಹದ ಅರ್ಧದಷ್ಟೂ ಬಾರದಿದ್ದರೆ, ಹೆಚ್ಚಿನವರು ಮೊದಲು ದೂರುವುದು ಕುಲುಮೆಯನ್ನು. ತಾಪವನ್ನು ಎರಡು ಡಿಗ್ರಿ ಏರಿಸಿ, ಎರಡು ಡಿಗ್ರಿ ಇಳಿಸಿ ವಾರಗಟ್ಟಲೆ ಹುಡುಕಾಡುತ್ತಾರೆ. ತಾಪ ಮುಖ್ಯವೇ ಹೌದು. ಆದರೆ ಟೇಪಿನಲ್ಲಿ ಕೊನೆಗೆ ಕಾಣಿಸಿಕೊಳ್ಳುವ ದೋಷಗಳಲ್ಲಿ ಬಹುಪಾಲು ಬೆಳ್ಳಿಯ ಕೊಳವೆಗೆ ಪುಡಿ ತುಂಬಿ ಬಾಯಿ ಮುಚ್ಚುವ ಮೊದಲೇ ಒಳಸೇರಿರುತ್ತವೆ, ಮತ್ತು ಮುಚ್ಚಿದ ಮೇಲೆ ಅವುಗಳನ್ನು ಹೊರಗೆ ತೆಗೆಯುವ ದಾರಿ ಇರುವುದಿಲ್ಲ. ಆದ್ದರಿಂದ ಈ ಲೇಖನ ಪುಡಿಯ ಕೆಲಸವನ್ನು ವಿವರವಾಗಿಯೂ ಅದರ ನಂತರದ ಕೆಲಸವನ್ನು ಚುಟುಕಾಗಿಯೂ ಹೇಳುತ್ತದೆ. ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಇಂಥ ಟೇಪು ತಯಾರಿಸಲು ಹೊರಟವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ.

ತುಂಬುವುದು 2223 ಅಲ್ಲ

ಬಿಸ್ಮತ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ತಾಮ್ರಗಳ ಆಕ್ಸೈಡು ಅತಿವಾಹಕವೆಂಬುದು 1988ರಲ್ಲಿ ಜಪಾನಿನಲ್ಲಿ ಹಿರೋಷಿ ಮಾಯೆದಾ ಮತ್ತು ಅವರ ಸಹೋದ್ಯೋಗಿಗಳಿಂದ ತಿಳಿದುಬಂತು. ಈ ಕುಟುಂಬದ ಪ್ರಾವಸ್ಥೆಗಳನ್ನು, ಅಂದರೆ ಬೇರೆಬೇರೆ ಹರಳುರಚನೆಗಳನ್ನು, ಆ ನಾಲ್ಕು ಲೋಹಗಳ ಪರಮಾಣುಗಳ ಅನುಪಾತವನ್ನು ಅದೇ ಕ್ರಮದಲ್ಲಿ ಬರೆದು ಹೆಸರಿಸುತ್ತಾರೆ. 2212 ಎಂಬ ಪ್ರಾವಸ್ಥೆಯ ಕ್ರಾಂತಿಕ ತಾಪ (ಇದಕ್ಕಿಂತ ಕೆಳಗೆ ಮಾತ್ರ ಅದು ಅತಿವಾಹಕ) ಸುಮಾರು 85 ಕೆಲ್ವಿನ್, 2223ರದು ಸುಮಾರು 110 ಕೆಲ್ವಿನ್. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. 2212 ಆ ತಾಪದಲ್ಲಿ ಅತಿವಾಹಕವಾಗಿಯೇ ಇದ್ದರೂ ತನ್ನ ಮಿತಿಯ ತೀರ ಹತ್ತಿರದಲ್ಲಿರುವ ಕಾರಣ ಉಪಯುಕ್ತ ಪ್ರವಾಹವನ್ನು ಹೊರಲಾರದು. ಹೀಗಾಗಿ ಸಾರಜನಕದಲ್ಲಿ ಕೆಲಸ ಮಾಡಬೇಕಾದ ಟೇಪಿಗೆ 2223 ಬೇಕೇ ಬೇಕು.

ಹಾಗಿದ್ದರೂ ಕೊಳವೆಗೆ ತುಂಬುವ ಪುಡಿ 2223 ಆಗಿರುವುದಿಲ್ಲ. ಅದು ಬಹುಪಾಲು 2212, ಜೊತೆಗೆ ಕ್ಯಾಲ್ಸಿಯಂ ಮತ್ತು ತಾಮ್ರದ ಕೆಲವು ಆಕ್ಸೈಡುಗಳು, ಸ್ವಲ್ಪ ಸೀಸದ ಸಂಯುಕ್ತ, ಇವೆಲ್ಲ ಸೇರಿದ ಮಿಶ್ರಣ. 2223ರ ಹರಳುಗಳು ತೆಳುವಾದ ಹಲ್ಲೆಗಳಂತಿದ್ದು, ಪ್ರವಾಹ ಹರಿಯುವುದು ಆ ಹಲ್ಲೆಗಳ ಸಮತಲದಲ್ಲಿ. ಪೇರಿಸಿಟ್ಟ ಇಸ್ಪೀಟು ಎಲೆಗಳ ಹಾಗೆ ಅವು ಟೇಪಿನ ಮೈಗೆ ಸಮಾನಾಂತರವಾಗಿ ಒಂದರ ಮೇಲೊಂದು ಮಲಗಿ, ಅಂಚಿಗೆ ಅಂಚು ಬೆಸೆದುಕೊಂಡಾಗ ಮಾತ್ರ ಪ್ರವಾಹ ಒಂದು ಹರಳಿನಿಂದ ಇನ್ನೊಂದಕ್ಕೆ ಸರಾಗವಾಗಿ ದಾಟುತ್ತದೆ. 2223ನ್ನು ಮೊದಲೇ ತಯಾರಿಸಿ, ಪುಡಿಮಾಡಿ ತುಂಬಿದರೆ ಹರಳುಗಳ ನಡುವಿನ ಬೆಸುಗೆಗೆ ಬೇಕಾದ ದ್ರವ ಮತ್ತೆ ಸಾಕಷ್ಟು ಹುಟ್ಟುವುದಿಲ್ಲ. 2212ರ ಮೃದುವಾದ ಹಲ್ಲೆಗಳು ಉರುಳೆಯಡಿ ಸುಲಭವಾಗಿ ಸಾಲುಗೂಡುತ್ತವೆ. ಆಮೇಲೆ ಬೆಳ್ಳಿಯೊಳಗೇ, ಅಲ್ಪ ಪ್ರಮಾಣದ ದ್ರವದ ನೆರವಿನಿಂದ, ಅವು 2223 ಆಗಿ ಮಾರ್ಪಡುತ್ತವೆ. ಇಡೀ ವಿಧಾನದ ಜಾಣ್ಮೆ ಇರುವುದೇ ಇಲ್ಲಿ. ಪುಡಿಯ ಮೇಲೆ ಇಷ್ಟೊಂದು ಹೊಣೆ ಬೀಳುವುದೂ ಇದೇ ಕಾರಣಕ್ಕೆ.

ಮೊದಲ ಹಂತ: ಪ್ರಮಾಣ ನಿಗದಿ ಮತ್ತು ತೂಕ

ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಪ್ರಮಾಣವನ್ನೇ ಆರಂಭಕ್ಕೆ ತೆಗೆದುಕೊಳ್ಳಬಹುದು: ಪರಮಾಣುಗಳ ಲೆಕ್ಕದಲ್ಲಿ ಬಿಸ್ಮತ್ 1.8, ಸೀಸ 0.4, ಸ್ಟ್ರಾನ್ಷಿಯಂ 2, ಕ್ಯಾಲ್ಸಿಯಂ 2.2, ತಾಮ್ರ 3. ಸೀಸವಿಲ್ಲದೆ 2223 ಶುದ್ಧವಾಗಿ ರೂಪುಗೊಳ್ಳುವುದು ಬಹಳ ಕಷ್ಟ. ಬಿಸ್ಮತ್ತಿನ ಒಂದು ಪಾಲನ್ನು ಸೀಸಕ್ಕೆ ಬಿಟ್ಟುಕೊಟ್ಟಾಗ ಆ ಪ್ರಾವಸ್ಥೆ ಸ್ಥಿರಗೊಳ್ಳುತ್ತದೆ. ಆಕ್ಸೈಡು ಮತ್ತು ಕಾರ್ಬೊನೇಟುಗಳಿಂದ 100 ಗ್ರಾಂ ಮಿಶ್ರಣ ಮಾಡುವುದಾದರೆ ಬಿಸ್ಮತ್ ಆಕ್ಸೈಡು 33.21, ಸೀಸದ ಮಾನಾಕ್ಸೈಡು 7.07, ಸ್ಟ್ರಾನ್ಷಿಯಂ ಕಾರ್ಬೊನೇಟು 23.38, ಕ್ಯಾಲ್ಸಿಯಂ ಕಾರ್ಬೊನೇಟು 17.44, ತಾಮ್ರದ ಆಕ್ಸೈಡು 18.90 ಗ್ರಾಂ ಬೇಕಾಗುತ್ತದೆ. ತೂಗುವ ಮುನ್ನ ಕಾರ್ಬೊನೇಟುಗಳನ್ನು ಒಲೆಯಲ್ಲಿ ಒಣಗಿಸಿಕೊಳ್ಳಬೇಕು. ಅವು ಹೀರಿಕೊಂಡ ತೇವವೂ ತಕ್ಕಡಿಯಲ್ಲಿ ತೂಗುತ್ತದೆ, ಕ್ಯಾಲ್ಸಿಯಂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಸೀಸದ ಆಕ್ಸೈಡಿನ ಧೂಳು ವಿಷ. ತೂಕ, ಅರೆತ, ಜರಡಿ ಈ ಮೂರನ್ನೂ ಫ್ಯೂಮ್ ಹುಡ್‌ನೊಳಗೆ, ಕೈಗವಸು ಮತ್ತು ಧೂಳು ತಡೆಯುವ ಮುಖಗವಸು ಹಾಕಿಕೊಂಡೇ ಮಾಡಬೇಕು. ಬಳಸಿದ ಕಾಗದ, ಹತ್ತಿ ಯಾವುದೂ ಸಾಮಾನ್ಯ ಕಸಕ್ಕೆ ಹೋಗಬಾರದು.

ಎರಡನೆಯ ಹಂತ: ಯಾವ ದಾರಿಯಲ್ಲಿ ಬೆರೆಸುವುದು

ಘನ ಪುಡಿಗಳನ್ನು ನೇರವಾಗಿ ಅರೆದು ಬೆರೆಸುವುದು ಅಗ್ಗದ ದಾರಿ, ಆದರೆ ಐದು ಲೋಹಗಳು ಕಣಗಳ ಮಟ್ಟದಲ್ಲಷ್ಟೇ ಬೆರೆಯುತ್ತವೆ. ನೈಟ್ರೇಟುಗಳನ್ನು ನೀರಿನಲ್ಲಿ ಕರಗಿಸಿ, ಸಿಂಪಡಿಸಿ ಒಣಗಿಸುವುದು ಅಥವಾ ಬಿಸಿ ಕುಲುಮೆಯೊಳಕ್ಕೆ ನೇರವಾಗಿ ಸಿಂಪಡಿಸುವುದು ಇನ್ನೊಂದು ದಾರಿ. ಆಕ್ಸಲೇಟುಗಳಾಗಿ ಒಟ್ಟಿಗೆ ಅವಕ್ಷೇಪಿಸುವುದು ಮೂರನೆಯದು. ನೈಟ್ರೇಟಿನ ದಾರಿಯಲ್ಲಿ ಲೋಹಗಳು ಅಣುಮಟ್ಟದಲ್ಲಿ ಬೆರೆಯುವುದರ ಜೊತೆಗೆ ಇಂಗಾಲ ಮೂಲದಲ್ಲೇ ಇರುವುದಿಲ್ಲ. ಸಾಧ್ಯವಿದ್ದವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ಗಮನಿಸಬೇಕಾದ್ದು ಎರಡು. ಬಿಸ್ಮತ್ ನೈಟ್ರೇಟು ಬರಿಯ ನೀರಿನಲ್ಲಿ ವಿಭಜನೆಗೊಂಡು ಬಿಳಿಯ ಗಸಿಯಾಗಿ ತಳ ಸೇರುವುದರಿಂದ ದ್ರಾವಣದಲ್ಲಿ ನೈಟ್ರಿಕ್ ಆಮ್ಲ ಹೆಚ್ಚಾಗಿರಬೇಕು. ಗಸಿ ಕಂಡ ದ್ರಾವಣವನ್ನು ಹಾಗೆಯೇ ಮುಂದಕ್ಕೆ ಒಯ್ಯಬಾರದು. ಒಣಗಿದ ನೈಟ್ರೇಟು ಮಿಶ್ರಣ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಕಾಯಿಸಿದಾಗ ಕಂದು ಬಣ್ಣದ ವಿಷಾನಿಲವನ್ನೂ ಬಿಡುತ್ತದೆ. ಆದ್ದರಿಂದ ನೈಟ್ರೇಟು ಕಳೆಯುವ ಕೆಲಸವನ್ನು ನಿಧಾನವಾಗಿ, ಹೊಗೆ ಹೊರಹೋಗುವ ವ್ಯವಸ್ಥೆಯಡಿಯೇ ಮಾಡಬೇಕು.

ಮೂರನೆಯ ಹಂತ: ಕ್ಯಾಲ್ಸಿನೇಷನ್, ಅಂದರೆ ಇಂಗಾಲದೊಂದಿಗಿನ ಗುದ್ದಾಟ

ಮೇಲೆ ಹೇಳಿದ ಕಾರ್ಬೊನೇಟು ಮಿಶ್ರಣದಲ್ಲಿ ಇಂಗಾಲದ ಪಾಲು ತೂಕದ ಶೇ. 4. ಕ್ಯಾಲ್ಸಿನೇಷನ್, ಅಂದರೆ ಮಿಶ್ರಣವನ್ನು ಕರಗದಂತೆ ಕಾಯಿಸಿ ಕಾರ್ಬೊನೇಟುಗಳನ್ನು ಒಡೆಯುವ ಕೆಲಸ, ಪೂರ್ಣವಾದರೆ ಇಂಗಾಲದ ಡೈಆಕ್ಸೈಡು ಹೊರಟು ಮಿಶ್ರಣದ ತೂಕ ಸುಮಾರು ಶೇ. 14.6ರಷ್ಟು ಇಳಿಯಬೇಕು. ಇದು ಬಹಳ ಉಪಯುಕ್ತವಾದ ಮತ್ತು ಖರ್ಚಿಲ್ಲದ ಪರೀಕ್ಷೆ: ಮೂಸೆಯನ್ನು ಕಾಯಿಸುವ ಮೊದಲು ಮತ್ತು ನಂತರ ತೂಗಿ ಬರೆದಿಡಿ. ಇಳಿಕೆ ಶೇ. 14 ಇದ್ದರೆ ಕಾರ್ಬೊನೇಟು ಇನ್ನೂ ಉಳಿದಿದೆ, ಶೇ. 15 ದಾಟಿದರೆ ಆರಂಭದಲ್ಲಿ ತೇವವಿತ್ತು, ಅಥವಾ ಸೀಸ ಆವಿಯಾಗಿ ಹೋಗಿದೆ.

ತೂಕ ಹೊಂದಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಟೇಪಿಗೆ ಬೇಕಾದ ಶುದ್ಧತೆ ತಕ್ಕಡಿಯ ಹಿಡಿತಕ್ಕೆ ಸಿಗುವುದಿಲ್ಲ. ದಶಲಕ್ಷಕ್ಕೆ 300 ಭಾಗ ಇಂಗಾಲವಿರುವ 10 ಗ್ರಾಂ ಪುಡಿಯನ್ನು ಕೊಳವೆಗೆ ತುಂಬಿದ್ದೇವೆಂದು ಇಟ್ಟುಕೊಳ್ಳಿ. ಅದರಲ್ಲಿರುವ ಇಂಗಾಲ 3 ಮಿಲಿಗ್ರಾಂ. 830 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೆಲ್ಲವೂ ಡೈಆಕ್ಸೈಡಾದರೆ, ಸಾಮಾನ್ಯ ವಾಯುಒತ್ತಡದಲ್ಲಿ ಆ ಅನಿಲದ ಗಾತ್ರ ಸುಮಾರು 22 ಘನ ಸೆಂಟಿಮೀಟರು. 10 ಗ್ರಾಂ ಪುಡಿ ಪೂರ್ತಿ ಒತ್ತಿಕೊಂಡಾಗ ಹಿಡಿಯುವ ಜಾಗ ಸುಮಾರು 1.6 ಘನ ಸೆಂಟಿಮೀಟರು ಮಾತ್ರ. ಆಮ್ಲಜನಕವೇನೋ ಬಿಸಿ ಬೆಳ್ಳಿಯ ಮೂಲಕ ಒಳಹೊರಗೆ ಸಾಗಬಲ್ಲದು; ಇಂಗಾಲದ ಡೈಆಕ್ಸೈಡಿಗೆ ಆ ದಾರಿ ಇಲ್ಲ. ಅನಿಲ ಮೃದುವಾದ ಬೆಳ್ಳಿಯನ್ನು ಉಬ್ಬಿಸಿ ಗುಳ್ಳೆ ಎಬ್ಬಿಸುತ್ತದೆ, ಸಾಲುಗೂಡಿದ್ದ ಹಲ್ಲೆಗಳನ್ನು ಬೇರ್ಪಡಿಸುತ್ತದೆ. ಗುಳ್ಳೆ ಏಳಲು ಸಾಲದಷ್ಟು ಕಡಿಮೆ ಇಂಗಾಲವೂ ನಿರಪಾಯವಲ್ಲ: ಅದು ಹರಳುಗಳ ಗಡಿಯಲ್ಲಿ ಸೇರಿಕೊಂಡು ಒಂದು ಹರಳಿನಿಂದ ಇನ್ನೊಂದಕ್ಕೆ ಪ್ರವಾಹ ದಾಟುವುದನ್ನು ತಡೆಯುತ್ತದೆ.

ಇಂಗಾಲವನ್ನು ಹೊರದೂಡಲು ತಾಪವೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಬಿಸ್ಮತ್ ಆಕ್ಸೈಡು 820 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ತಾಮ್ರದ ಆಕ್ಸೈಡಿನೊಡನೆ ಸೇರಿದಾಗ ಅದಕ್ಕೂ ಕೆಳಗೆ. ಅವಸರದಿಂದ ಕಾಯಿಸಿದರೆ ಮಿಶ್ರಣ ಕರಗಿ ಗಟ್ಟಿಯಾಗಿ ಒಳಗಿನ ಕಾರ್ಬೊನೇಟು ಅಲ್ಲೇ ಬಂಧಿಯಾಗುತ್ತದೆ. ಆದ್ದರಿಂದ ಸುಮಾರು 700 ಡಿಗ್ರಿಯಲ್ಲಿ ಮೊದಲ ಸುತ್ತು, ತಣಿಸಿ ಅರೆದು 750ರಿಂದ 780ರಲ್ಲಿ ಎರಡನೆಯದು, ಮತ್ತೆ ಅರೆದು 800ರಿಂದ 820ರ ನಡುವೆ ಮೂರನೆಯದು, ಹೀಗೆ ಹಂತಹಂತವಾಗಿ ಏರುವುದು ಸರಿಯಾದ ಕ್ರಮ. ಪ್ರತಿ ಸುತ್ತಿಗೂ ಹತ್ತರಿಂದ ಇಪ್ಪತ್ತನಾಲ್ಕು ಗಂಟೆ ಬೇಕು. ಪುಡಿಯನ್ನು ಆಳವಾದ ಮೂಸೆಯಲ್ಲಿ ರಾಶಿ ಹಾಕದೆ ಅಗಲವಾದ ದೋಣಿಯಲ್ಲಿ ತೆಳ್ಳಗೆ ಹರಡಬೇಕು, ಅದರ ಮೇಲೆ ಇಂಗಾಲದ ಡೈಆಕ್ಸೈಡು ತೆಗೆದ ಒಣ ಅನಿಲ ಹರಿಯುತ್ತಿರಬೇಕು. ರಾಶಿಯ ಅಡಿಯಲ್ಲಿ ಅನಿಲ ನಿಂತರೆ ವಿಭಜನೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟೋ ಪ್ರಯೋಗಾಲಯಗಳು ಕುಲುಮೆಯ ಮೇಲೆ ಖರ್ಚು ಮಾಡಿ ಅನಿಲದ ಹರಿವನ್ನು ಕಡೆಗಣಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಆದ್ಯತೆ ತಿರುಗುಮುರುಗಾಗಬೇಕು.

ಈ ತೊಡಕು ಬಿಸ್ಮತ್ ಟೇಪುಗಳಿಗಷ್ಟೇ ಸೀಮಿತವಲ್ಲ. ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು ಎಂಬ ಇನ್ನೊಂದು ಅತಿವಾಹಕದ ಪದರವನ್ನು ಲೋಹದ ಪಟ್ಟಿಯ ಮೇಲೆ ದ್ರಾವಣದಿಂದ ಲೇಪಿಸುವ ವಿಧಾನದಲ್ಲಿ ಟ್ರೈಫ್ಲೋರೋಅಸಿಟೇಟುಗಳನ್ನು ಬಳಸುವುದಕ್ಕೂ ಕಾರಣ ಬೇರಿಯಂ ಕಾರ್ಬೊನೇಟು. ಒಮ್ಮೆ ರೂಪುಗೊಂಡರೆ ಅದನ್ನು ಒಡೆಯುವುದು ಕಷ್ಟ; ಫ್ಲೋರಿನ್ ಇದ್ದರೆ ಬೇರಿಯಂ ಫ್ಲೋರೈಡಾಗಿ ಉಳಿದು, ಮುಂದೆ ನೀರಾವಿಯೊಡನೆ ವರ್ತಿಸಿ ದಾರಿಬಿಡುತ್ತದೆ. ಅಲ್ಲಿ ಹೊರಬರುವ ಹೈಡ್ರೋಜನ್ ಫ್ಲೋರೈಡು ಅಪಾಯಕಾರಿ ಅನಿಲವೆಂಬುದು ಬೇರೆಯೇ ತಲೆನೋವು.

ನಾಲ್ಕನೆಯ ಹಂತ: ಸೀಸ ಎಲ್ಲಿ ಕುಳಿತಿದೆ ಎಂದು ನೋಡುವುದು

ಒಂದೇ ಪ್ರಮಾಣದ ಎರಡು ಪುಡಿಗಳು ಟೇಪಿನಲ್ಲಿ ತೀರ ಬೇರೆಬೇರೆಯಾಗಿ ವರ್ತಿಸುವುದುಂಟು. ಹೆಚ್ಚಿನ ಸಲ ಅದರ ಗುಟ್ಟು ಸೀಸದ ನೆಲೆಯಲ್ಲಿರುತ್ತದೆ. ಗಾಳಿಯಲ್ಲಿ ಅಥವಾ ಶುದ್ಧ ಆಮ್ಲಜನಕದಲ್ಲಿ ಕಾಯಿಸಿದ ಪುಡಿಯಲ್ಲಿ ಸೀಸ ಕ್ಯಾಲ್ಸಿಯಂ ಜೊತೆಗೂಡಿ ಕ್ಯಾಲ್ಸಿಯಂ ಪ್ಲಂಬೇಟು ಎಂಬ ಪ್ರತ್ಯೇಕ ಕಣಗಳಾಗಿ ನಿಲ್ಲುತ್ತದೆ. ಆಮ್ಲಜನಕ ಕಡಿಮೆಯಿರುವ ಅನಿಲದಲ್ಲಿ ಕೊನೆಯ ಸುತ್ತು ಕಾಯಿಸಿದರೆ ಸೀಸ 2212ರ ಹರಳಿನೊಳಗೇ ಸೇರಿಕೊಳ್ಳುತ್ತದೆ. ಮೊದಲ ಬಗೆಯ ಪುಡಿಯಲ್ಲಿ ಟೇಪನ್ನು ಕಾಯಿಸಿದಾಗ ಪ್ಲಂಬೇಟು ಕಣಗಳ ಸುತ್ತ ದ್ರವ ಒಮ್ಮೆಲೇ, ಅಲ್ಲಲ್ಲಿ ಗುಂಪುಗುಂಪಾಗಿ ಹುಟ್ಟುತ್ತದೆ. ಎರಡನೆಯದರಲ್ಲಿ ದ್ರವ ಎಲ್ಲೆಡೆ ಸಮವಾಗಿ, ನಿಧಾನವಾಗಿ ಒದಗುತ್ತದೆ. ಒತ್ತೊತ್ತಾದ, ಸಾಲುಗೂಡಿದ ರಚನೆಗೆ ಎರಡನೆಯದೇ ಅನುಕೂಲ. ಆದರೆ ಅತಿಯಾಗಿ ಕಡಿಮೆ ಆಮ್ಲಜನಕ ಮತ್ತು ಹೆಚ್ಚು ತಾಪ ಒಟ್ಟುಗೂಡಿದರೆ 2212 ತಾನೇ ಒಡೆಯಲಾರಂಭಿಸುತ್ತದೆ. ಹಿಡಿಯಬೇಕಾದ್ದು ನಡುದಾರಿ.

ಎಕ್ಸ್-ರೇ ವಿವರ್ತನೆ, ಅಂದರೆ ಹರಳುಗಳಿಂದ ಚೆದುರಿದ ಎಕ್ಸ್-ರೇ ಯಾವ ಕೋನಗಳಲ್ಲಿ ಶಿಖರವಾಗಿ ಏಳುತ್ತದೆಂದು ಅಳೆಯುವುದು, ಇದನ್ನು ಕಣ್ಣಿಗೆ ತೋರಿಸುತ್ತದೆ. ತಾಮ್ರದ ಕೆ-ಆಲ್ಫಾ ಕಿರಣ ಬಳಸಿದಾಗ, ಎರಡು-ಥೀಟಾ ಕೋನದ ಲೆಕ್ಕದಲ್ಲಿ, ಕ್ಯಾಲ್ಸಿಯಂ ಪ್ಲಂಬೇಟಿನ ಪ್ರಮುಖ ಶಿಖರ 17.8 ಡಿಗ್ರಿಯ ಬಳಿ ಏಳುತ್ತದೆ. ಸೀಸ 2212ರೊಳಗೆ ಸೇರಿದ್ದರೆ ಆ ಶಿಖರ ತಗ್ಗಿ, 33 ಡಿಗ್ರಿಯ ಬಳಿ 2212ರ ಒಂದೇ ಶಿಖರ ಎರಡಾಗಿ ಸೀಳುವುದು ಕಾಣುತ್ತದೆ. ಸಣ್ಣ ಕೋನಗಳ ಕಡೆ 2201 (ಅದೇ ಕುಟುಂಬದ, ಕ್ಯಾಲ್ಸಿಯಂ ಇಲ್ಲದ ಪ್ರಾವಸ್ಥೆ) ಸುಮಾರು 7.2, 2212 ಸುಮಾರು 5.7, 2223 ಸುಮಾರು 4.8 ಡಿಗ್ರಿಯಲ್ಲಿ ಸಿಗುತ್ತವೆ. ತುಂಬಲು ಸಿದ್ಧವಾದ ಪುಡಿಯಲ್ಲಿ 2201 ಕಾಣಬಾರದು. 2223 ಗಣನೀಯವಾಗಿ ಕಂಡರೆ ಪುಡಿ ಬೇಕಾದ್ದಕ್ಕಿಂತ ಮುಂದೆ ಸಾಗಿದೆ ಎಂದು ತಿಳಿಯಬೇಕು.

ಐದನೆಯ ಹಂತ: ಅರೆತ

ಬಹುಎಳೆಯ ಟೇಪಿನಲ್ಲಿ, ಅಂದರೆ ಬೆಳ್ಳಿಯೊಳಗೆ ಹತ್ತಾರು ತೆಳು ಅತಿವಾಹಕ ಎಳೆಗಳಿರುವ ಟೇಪಿನಲ್ಲಿ, ಒಂದೊಂದು ಎಳೆಯ ದಪ್ಪ ಕೊನೆಗೆ ಉಳಿಯುವುದು ಹತ್ತರಿಂದ ಇಪ್ಪತ್ತು ಮೈಕ್ರಾನು. ಅಂಥ ಎಳೆಯಲ್ಲಿ ಹತ್ತು ಮೈಕ್ರಾನಿನ ಒಂದು ತಾಮ್ರಸಹಿತ ಆಕ್ಸೈಡಿನ ಉಂಡೆ ಸಿಕ್ಕಿಕೊಂಡರೆ ಅದು ದಾರಿಯ ಅರ್ಧ ಭಾಗವನ್ನೇ ಅಡ್ಡಗಟ್ಟಿದಂತೆ. ಅದರ ಸುತ್ತಲಿನ ಹಲ್ಲೆಗಳು ವಾಲುತ್ತವೆ, ಕಣ ದೊಡ್ಡದಾದ್ದರಿಂದ ಪೂರ್ತಿ ಕರಗಿ ಪ್ರತಿಕ್ರಿಯೆಯಲ್ಲಿ ಭಾಗವಹಿಸುವುದೂ ಇಲ್ಲ. ಆದ್ದರಿಂದ ಸರಾಸರಿ ಗಾತ್ರ ಎರಡು-ಮೂರು ಮೈಕ್ರಾನು ಇದ್ದರೆ ಸಾಲದು. ಅತಿ ದೊಡ್ಡ ಕಣವೂ ಐದು ಮೈಕ್ರಾನಿನ ಒಳಗಿದೆಯೇ ಎಂಬುದು ನೋಡಬೇಕಾದ ಪ್ರಶ್ನೆ. ಸರಾಸರಿಯ ಸಂಖ್ಯೆ ಕೊಟ್ಟು ತೃಪ್ತರಾಗುವ ವರದಿಗಳನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಹಾಗೆಂದು ಅರೆಯುತ್ತಲೇ ಹೋಗುವುದೂ ತಪ್ಪು. ಬಾಲ್ ಮಿಲ್ಲಿನಲ್ಲಿ ಅತಿ ದೀರ್ಘಕಾಲ ಅರೆದರೆ 2212ರ ಹರಳಿನ ವ್ಯವಸ್ಥೆಯೇ ಕೆಡುತ್ತದೆ, ಗುಂಡುಗಳ ಸವೆತ ಪುಡಿಗೆ ಸೇರುತ್ತದೆ, ಹೆಚ್ಚಾದ ಮೇಲ್ಮೈ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಮತ್ತೆ ಹೀರಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಕಷ್ಟಪಟ್ಟು ಕಳೆದದ್ದು ಹೀಗೆ ಹಿಂಬಾಗಿಲಿನಿಂದ ಮರಳುತ್ತದೆ. ನೀರಿನಲ್ಲಿ ಅರೆಯಬಾರದು, ಏಕೆಂದರೆ ಅದು ಕ್ಯಾಲ್ಸಿಯಂ, ಸ್ಟ್ರಾನ್ಷಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಸಾವಯವ ದ್ರಾವಕ ಬಳಸಿದರೆ ಅದರ ಅವಶೇಷವನ್ನು ಆಮ್ಲಜನಕದಲ್ಲಿ ಸುಟ್ಟು ಕಳೆಯಬೇಕು. ಅನಿಲದ ರಭಸದಿಂದ ಕಣಗಳನ್ನು ಪರಸ್ಪರ ಡಿಕ್ಕಿ ಹೊಡೆಸುವ ಜೆಟ್ ಮಿಲ್ ಸಿಕ್ಕರೆ ಈ ತೊಂದರೆಗಳಲ್ಲಿ ಬಹುಪಾಲು ತಪ್ಪುತ್ತವೆ.

ಆರನೆಯ ಹಂತ: ಒಣಗಿಸಿ ತುಂಬುವುದು

ಅರೆದ ಪುಡಿಯನ್ನು ತುಂಬುವ ಮುನ್ನ 500 ಡಿಗ್ರಿಗೂ ಮೇಲೆ, ಒಣ ಅನಿಲದ ಹರಿವಿನಲ್ಲಿ ಹಲವು ಗಂಟೆ ಕಾಯಿಸಿ, ಗಾಳಿ ಸೋಕದಂತೆ ಗ್ಲವ್ ಬಾಕ್ಸಿನೊಳಗೆ ತಣಿಸಿಕೊಳ್ಳಬೇಕು. ತೇವದ ಲೆಕ್ಕ ಇಂಗಾಲದ ಲೆಕ್ಕಕ್ಕಿಂತ ಕಠಿಣ: 10 ಗ್ರಾಂ ಪುಡಿಯಲ್ಲಿ ಶೇ. 0.1ರಷ್ಟು ನೀರಿದ್ದರೂ ಕುಲುಮೆಯ ತಾಪದಲ್ಲಿ ಅದು ಸುಮಾರು 50 ಘನ ಸೆಂಟಿಮೀಟರು ಆವಿಯಾಗುತ್ತದೆ. ಬೆಳ್ಳಿಯ ಕೊಳವೆಯ ಒಳಮೈಯನ್ನೂ ಆಮ್ಲದಿಂದ ತೊಳೆದು, ಕಾಯಿಸಿ, ಎಣ್ಣೆಯ ಲೇಶವೂ ಇಲ್ಲದಂತೆ ಮಾಡಿಕೊಳ್ಳಬೇಕು. ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಪ್ರತಿ ಬಾರಿಯೂ ಸಮಾನ ಒತ್ತಡದಿಂದ ತುಳಿಯಬೇಕು. ಒಂದು ತುದಿ ಬಿಗಿ, ಇನ್ನೊಂದು ಸಡಿಲವಾದರೆ ಕೊಳವೆಯನ್ನು ಎಳೆದು ತಂತಿಯಾಗಿಸುವಾಗ ಒಳಗಿನ ಅತಿವಾಹಕ ಎಳೆಯ ದಪ್ಪ ಅಲೆಅಲೆಯಾಗಿ ಏರಿಳಿಯುತ್ತದೆ. ಕೊಳವೆಯೊಳಗಿನ ಗಾಳಿಯನ್ನು ನಿರ್ವಾತ ಪಂಪಿನಿಂದ ಹೊರತೆಗೆದು, ಆಮೇಲೆ ತುದಿಯನ್ನು ಮುಚ್ಚುವುದು ಉತ್ತಮ.

ಮುಂದಿನ ಕೆಲಸ

ಕೊಳವೆಯನ್ನು ಅಚ್ಚುಗಳ ಮೂಲಕ ಎಳೆದು ಸಣ್ಣ ತಂತಿಯಾಗಿಸಿ, ತುಂಡರಿಸಿ, ಹತ್ತಾರು ತುಂಡುಗಳನ್ನು ಮತ್ತೊಂದು ಬೆಳ್ಳಿ ಅಥವಾ ಬೆಳ್ಳಿ-ಮಿಶ್ರಲೋಹದ ಕೊಳವೆಗೆ ತುಂಬಿ, ಪುನಃ ಎಳೆದು, ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ಸುಮಾರು 4 ಮಿಲಿಮೀಟರು ಅಗಲ, 0.2ರಿಂದ 0.3 ಮಿಲಿಮೀಟರು ದಪ್ಪದ ಟೇಪು ಸಿಗುತ್ತದೆ. ಶೇ. 7ರಿಂದ 8ರಷ್ಟು ಆಮ್ಲಜನಕವಿರುವ ಅನಿಲದಲ್ಲಿ, 820ರಿಂದ 830 ಡಿಗ್ರಿಯ ನಡುವೆ ಮೊದಲ ಸುತ್ತು ಕಾಯಿಸಬೇಕು. ನಂತರ ಒಮ್ಮೆ ಉರುಳೆಗೆ ಕೊಟ್ಟು ರಂಧ್ರಗಳನ್ನು ಮುಚ್ಚಿ, ಮತ್ತೆ ಕಾಯಿಸಿ ಉರುಳೆಯಿಂದಾದ ಬಿರುಕುಗಳನ್ನು ಬೆಸೆಯಬೇಕು. ಎರಡೂ ಸುತ್ತು ಸೇರಿ ನೂರು ಗಂಟೆಯ ಆಸುಪಾಸು ಹಿಡಿಯುವುದು ಸಾಮಾನ್ಯ.

ಇಲ್ಲಿಯೂ ಪುಡಿಯ ಹಿಡಿತ ಬಿಡುವುದಿಲ್ಲ. ಸರಿಯಾದ ತಾಪದ ಅವಕಾಶ ಕೆಲವೇ ಡಿಗ್ರಿಗಳಷ್ಟು ಕಿರಿದು, ಮತ್ತು ಸೀಸದ ನೆಲೆ ಹಾಗೂ ಕಣದ ಗಾತ್ರ ಬದಲಾದರೆ ಅದೂ ಸ್ಥಳ ಬದಲಿಸುತ್ತದೆ. ಹೊಸ ಪುಡಿ ತಯಾರಾದಾಗಲೆಲ್ಲ ಉದ್ದ ಟೇಪನ್ನು ಕುಲುಮೆಗೆ ಹಾಕುವ ಮುನ್ನ ಕೆಲವು ಸೆಂಟಿಮೀಟರಿನ ಐದು ತುಂಡುಗಳನ್ನು ಮೂರುಮೂರು ಡಿಗ್ರಿ ಅಂತರದಲ್ಲಿ ಕಾಯಿಸಿ ನೋಡುವುದು ಬಹಳ ನಷ್ಟವನ್ನು ತಪ್ಪಿಸುತ್ತದೆ. ಜಪಾನಿನ ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿ ಸುಮಾರು 30 ಮೆಗಾಪಾಸ್ಕಲ್ ಹೊರ ಒತ್ತಡದಲ್ಲಿ ಟೇಪನ್ನು ಕಾಯಿಸಿ ರಂಧ್ರಗಳನ್ನು ಬಹುತೇಕ ಇಲ್ಲವಾಗಿಸಿತು. 4 ಮಿಲಿಮೀಟರು ಅಗಲದ ಟೇಪು 77 ಕೆಲ್ವಿನ್‌ನಲ್ಲಿ 200 ಆಂಪಿಯರಿನ ಮಟ್ಟ ಮುಟ್ಟಲು ಅದು ನೆರವಾಯಿತು. ಅಂಥ ಒತ್ತಡ ಗುಳ್ಳೆಗಳನ್ನು ಅದುಮುತ್ತದೆಯೇ ಹೊರತು ಹರಳಿನ ಗಡಿಯಲ್ಲಿ ಕುಳಿತ ಇಂಗಾಲವನ್ನೋ, ಎಳೆಗೆ ಅಡ್ಡವಾದ ದೊಡ್ಡ ಕಣವನ್ನೋ ತೆಗೆಯಲಾರದು.

ಅಳತೆಯಿಂದ ಪುಡಿಗೆ ಹಿಂದಿರುಗುವುದು

ಕ್ರಾಂತಿಕ ಪ್ರವಾಹವನ್ನು, ಅಂದರೆ ಟೇಪು ಅತಿವಾಹಕವಾಗಿ ಹೊರಬಲ್ಲ ಗರಿಷ್ಠ ಪ್ರವಾಹವನ್ನು, ನಾಲ್ಕು ತಂತಿಗಳ ವಿಧಾನದಲ್ಲಿ (ಎರಡು ತಂತಿ ಪ್ರವಾಹಕ್ಕೆ, ಎರಡು ವೋಲ್ಟೇಜ್‌ಗೆ), ಟೇಪನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಅಳೆಯಬೇಕು. ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಎಂಬುದು ಒಪ್ಪಿತ ಮಿತಿ. ವೋಲ್ಟೇಜ್ ತಂತಿಗಳ ಅಂತರ 5 ಸೆಂಟಿಮೀಟರಾದರೆ 5 ಮೈಕ್ರೋವೋಲ್ಟ್ ಮೂಡುವ ಪ್ರವಾಹವೇ ಉತ್ತರ. ಒಂದೇ ಸಂಖ್ಯೆಯಿಂದ ಕಾರಣ ತಿಳಿಯದು, ಲಕ್ಷಣಗಳನ್ನು ಒಟ್ಟಿಗೆ ಓದಬೇಕು. ಗುಳ್ಳೆಗಳು ಟೇಪಿನ ಉದ್ದಕ್ಕೂ ಚದುರಿದ್ದರೆ ಪುಡಿಯಲ್ಲಿ ಇಂಗಾಲ ಅಥವಾ ತೇವವಿತ್ತು. ಒಂದೇ ತುದಿಯಲ್ಲಿದ್ದರೆ ಮುಚ್ಚುವಾಗ ಗಾಳಿ ಉಳಿದಿರಬಹುದು. ಗುಳ್ಳೆಯಿಲ್ಲದೆಯೂ ಪ್ರವಾಹ ಕಡಿಮೆಯಿದ್ದು, ರೋಧ ಇಳಿಯುವ ರೇಖೆ 110 ಕೆಲ್ವಿನ್ ಬಳಿ ಆರಂಭಗೊಂಡು ಬಾಲದಂತೆ ಕೆಳಗಿನವರೆಗೂ ಎಳೆದರೆ 2212 ಪೂರ್ತಿ ಮಾರ್ಪಟ್ಟಿಲ್ಲ ಎಂದು ಅನುಮಾನಿಸಿ, ಕಣದ ಗಾತ್ರ ಮತ್ತು ಸೀಸದ ನೆಲೆಯನ್ನು ಪರೀಕ್ಷಿಸಿ. ಅಡ್ಡಛೇದವನ್ನು ನುಣುಪುಗೊಳಿಸಿ ಸೂಕ್ಷ್ಮದರ್ಶಕದಡಿ ನೋಡಿದಾಗ ಎಳೆಗಳಲ್ಲಿ ದಪ್ಪ ಕಪ್ಪು ಕಣಗಳು ಕಂಡರೆ ಅವು ಬಹುಮಟ್ಟಿಗೆ ಕರಗದೆ ಉಳಿದ ತಾಮ್ರಸಹಿತ ಆಕ್ಸೈಡುಗಳು, ಅಂದರೆ ಅರೆತದ ದೋಷ. ಒಂದೇ ಟೇಪಿನ ಬೇರೆಬೇರೆ ತುಂಡುಗಳು ಬಹಳ ಭಿನ್ನವಾದ ಪ್ರವಾಹ ಕೊಟ್ಟರೆ ಮೊದಲು ಶಂಕಿಸಬೇಕಾದ್ದು ತುಂಬಿದ ರೀತಿಯನ್ನು.

ಈ ಓದು ಸಾಧ್ಯವಾಗಬೇಕಾದರೆ ಪ್ರತಿ ಪುಡಿಯಿಂದ ಐದಾರು ಗ್ರಾಂ ಮಾದರಿಯನ್ನು ತುಂಬುವ ದಿನವೇ ಗಾಜಿನ ಸೀಸೆಯಲ್ಲಿ ಒಣ ಅನಿಲದಡಿ ಮುಚ್ಚಿ, ಕ್ಯಾಲ್ಸಿನೇಷನ್ನಿನ ತೂಕದ ಲೆಕ್ಕ ಮತ್ತು ವಿವರ್ತನೆಯ ರೇಖೆಯೊಡನೆ ತೆಗೆದಿಡಬೇಕು. ಎರಡು ಪುಡಿಗಳನ್ನು ಹೋಲಿಸುವಾಗ ಒಂದೇ ಅಳತೆಯ ಕೊಳವೆ, ಒಂದೇ ಎಳೆತದ ಕ್ರಮ ಇರಲಿ, ಮತ್ತು ಎರಡೂ ಟೇಪುಗಳು ಕುಲುಮೆಯ ಒಂದೇ ವಲಯದಲ್ಲಿ ಅಕ್ಕಪಕ್ಕ ಮಲಗಿರಲಿ.